ಸಾಕುಮೀನಿನ ಲಿಂಗ ಪರಿವರ್ತನೆ: ನೇರ ಮಾರ್ಗದಿಂದ ಪರೋಕ್ಷ ಮಾರ್ಗಕ್ಕೆ

ಒಂದೇ ಲಿಂಗದ ಮೀನುಗಳನ್ನು ಸಾಕಬೇಕೆಂಬ ಅಪೇಕ್ಷೆಯನ್ನು ತೀವ್ರಗೊಳಿಸಿದ್ದು ತಿಲಾಪಿಯ. ಆಫ್ರಿಕಾ ಮೂಲದ, 1952ರಲ್ಲಿ ಭಾರತಕ್ಕೆ ಬಂದು ನಮ್ಮ ಕೆರೆಗಳಲ್ಲಿ ಜಿಲೇಬಿ ಎಂದು ಹೆಸರಾದ ಈ ಮೀನು ಕೆಲವೇ ತಿಂಗಳಲ್ಲಿ ಪ್ರಾಯಕ್ಕೆ ಬಂದು, ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಪಾಡಿ ಮೇಲಿಂದ ಮೇಲೆ ಮರಿ ಮಾಡುವುದರಿಂದ, ಕೊಳವೆಲ್ಲ ಮಾರಾಟಕ್ಕೆ ಒದಗದ ಸಣ್ಣ ಮೀನುಗಳಿಂದ ತುಂಬಿಹೋಗುತ್ತದೆ. ಗಂಡುಗಳು ಹೆಣ್ಣುಗಳಿಗಿಂತ ಬೇಗ ಬೆಳೆಯುವುದರಿಂದ ಗಂಡುಗಳನ್ನಷ್ಟೇ ಸಾಕುವುದು ಲಾಭದಾಯಕ.

ಇದಕ್ಕೆ ಬೇಕಾದ ತಾತ್ತ್ವಿಕ ನೆಲೆಯನ್ನು ಒದಗಿಸಿದವರು ಜಪಾನಿನ ತೋಕಿಒ ಯಾಮಾಮೊಟೊ. ಮೊಟ್ಟೆಯೊಡೆದು ಬಂದ ಮರಿಯ ಜನನಗ್ರಂಥಿಯು ಅಂಡಾಶಯವಾಗಬೇಕೋ ವೃಷಣವಾಗಬೇಕೋ ಎಂಬುದು ಇನ್ನೂ ಸ್ಥಿರಪಟ್ಟಿರದ ಅಲ್ಪಾವಧಿಯಲ್ಲಿ ಹಾರ್ಮೋನು ದೊರೆತರೆ, ವರ್ಣತಂತುಗಳು ಬದಲಾಗದೆಯೇ ಲಿಂಗ ಬದಲಾಗಬಲ್ಲದು. ಗಂಡನ್ನು ನಿರ್ಣಯಿಸುವ ವೈ ವರ್ಣತಂತುವಿನಲ್ಲೇ ಕಿತ್ತಳೆಗೆಂಪು ಬಣ್ಣದ ಗುರುತಿದ್ದ ಮೆಡಾಕ ಮೀನಿನ ತಳಿಯನ್ನು ಬಳಸಿದ್ದರಿಂದ, ಪ್ರತಿ ಮೀನಿನ ಹುಟ್ಟುಲಿಂಗ ಮೈಬಣ್ಣದಿಂದಲೇ ಅವರಿಗೆ ತಿಳಿಯುತ್ತಿತ್ತು. 1953ರಲ್ಲಿ ಗಂಡನ್ನು ಹೆಣ್ಣಾಗಿಯೂ 1958ರಲ್ಲಿ ಹೆಣ್ಣನ್ನು ಗಂಡಾಗಿಯೂ ಪರಿವರ್ತಿಸಿ, ಅವು ಸಂತಾನ ಪಡೆಯಬಲ್ಲವೆಂದು ಅವರು ತೋರಿಸಿದ್ದು ಈ ಕ್ಷೇತ್ರದ ನಿಜವಾದ ಆರಂಭ.

ಹಾರ್ಮೋನಿಲ್ಲದ ಇನ್ನೊಂದು ದಾರಿಯಾಗಿ, ಮಲಾಕ್ಕಾದಲ್ಲಿ ಹಿಕ್ಲಿಂಗ್ ಅವರು ಎರಡು ತಿಲಾಪಿಯ ಪ್ರಭೇದಗಳನ್ನು ಕೂಡಿಸಿ ಕೇವಲ ಗಂಡುಮರಿಗಳನ್ನು ಪಡೆದದ್ದನ್ನು 1960ರಲ್ಲಿ ವರದಿ ಮಾಡಿದರಾದರೂ, ಮೂಲತಳಿಗಳ ಶುದ್ಧತೆಯನ್ನು ಕಾಯ್ದುಕೊಳ್ಳುವುದು ಮರಿ ಉತ್ಪಾದಕರಿಗೆ ಕಷ್ಟವಾಯಿತು. 1968ರಲ್ಲಿ ಕ್ಲೆಮೆನ್ಸ್ ಮತ್ತು ಇನ್‌ಸ್ಲೀ, 1975ರಲ್ಲಿ ಗೆರೆರೊ ಅವರು ಗಂಡು ಹಾರ್ಮೋನನ್ನು ಆಹಾರದೊಂದಿಗೆ ಬೆರೆಸುವ ವಿಧಾನವನ್ನು ತಿಲಾಪಿಯಕ್ಕೆ ಅಳವಡಿಸಿದರು. ಮೀಥೈಲ್‌ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನನ್ನು ಆಲ್ಕೊಹಾಲಿನಲ್ಲಿ ಕರಗಿಸಿ, ಕಿಲೋ ಆಹಾರಕ್ಕೆ ಸುಮಾರು 60 ಮಿಲಿಗ್ರಾಂನಂತೆ ಬೆರೆಸಿ ಒಣಗಿಸಿ, ಎಳೆಯ ಮರಿಗಳಿಗೆ 3ರಿಂದ 4 ವಾರ ತಿನ್ನಿಸಿದರೆ ಸಾಮಾನ್ಯವಾಗಿ ನೂರಕ್ಕೆ 95ಕ್ಕೂ ಹೆಚ್ಚು ಗಂಡಾಗುತ್ತವೆ. ಮೀನು ಮಾರುಕಟ್ಟೆಗೆ ಬರುವುದು ತಿಂಗಳುಗಳ ನಂತರವಾದ್ದರಿಂದ ಅದರ ದೇಹದಲ್ಲಿ ಹಾರ್ಮೋನು ಉಳಿದಿರುವ ಸಂಭವ ಬಹಳ ಕಡಿಮೆ. ಹೆಚ್ಚು ಕಳವಳಕಾರಿಯಾದದ್ದು ತಿನ್ನದೆ ಉಳಿದ ಆಹಾರದಿಂದ ಕೊಳದ ಕೆಸರು ಸೇರುವ ಹಾರ್ಮೋನು ಮತ್ತು ಹಾರ್ಮೋನಿನ ಪುಡಿಯನ್ನು ಬೆರೆಸುವ ಕಾರ್ಮಿಕರ ಆರೋಗ್ಯ.

ಮರಿಗಳಿಗೇ ಹಾರ್ಮೋನು ತಿನ್ನಿಸುವ ಈ ನೇರ ಮಾರ್ಗಕ್ಕಿಂತ, ತಂದೆಮೀನಿನ ಮೂಲಕ ಮರಿಗಳ ಲಿಂಗವನ್ನು ನಿರ್ಧರಿಸುವ ಪರೋಕ್ಷ ಮಾರ್ಗ ಶ್ರೇಷ್ಠವಾದದ್ದು. ಟ್ರೌಟ್ ಸಾಕಣೆಯಲ್ಲಿ ಬೇಗ ಪ್ರಾಯಕ್ಕೆ ಬರುವ ಗಂಡುಗಳ ಮಾಂಸದ ಗುಣಮಟ್ಟ ಕುಸಿಯುವುದರಿಂದ ಅಲ್ಲಿ ಬೇಕಾದದ್ದು ಹೆಣ್ಣು. ಎರಡು ಎಕ್ಸ್ ವರ್ಣತಂತುಗಳುಳ್ಳ ಹೆಣ್ಣನ್ನು ಹಾರ್ಮೋನಿನಿಂದ ಗಂಡಾಗಿಸಿದರೆ ಅದರ ವೀರ್ಯದಲ್ಲಿ ಎಕ್ಸ್ ಮಾತ್ರ ಇರುವುದರಿಂದ ಹುಟ್ಟುವ ಮರಿಗಳೆಲ್ಲ ಹೆಣ್ಣೇ, ಮತ್ತು ಆ ಮರಿಗಳಿಗೆ ಹಾರ್ಮೋನಿನ ಸೋಂಕೇ ಇಲ್ಲ. 1970ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ರೂಪುಗೊಂಡ ಈ ಕ್ರಮ ಅಲ್ಲಿನ ಟ್ರೌಟ್ ಸಾಕಣೆಯಲ್ಲಿ ಬೇರೂರಿತು. ತಿಲಾಪಿಯದಲ್ಲಿ ಇದೇ ತರ್ಕದಿಂದ ಎರಡು ವೈ ವರ್ಣತಂತುಗಳ ಗಂಡುಗಳನ್ನು ವೇಲ್ಸ್‌ನ ಸ್ವಾನ್ಸಿ ವಿಶ್ವವಿದ್ಯಾಲಯ ಮತ್ತು ಫಿಲಿಪ್ಪೀನ್ಸಿನ ವಿಜ್ಞಾನಿಗಳು ಬೆಳೆಸಿದರು. ಆದರೆ ಇತರ ಜೀನ್‌ಗಳೂ ನೀರಿನ ಉಷ್ಣತೆಯೂ ಲಿಂಗದ ಮೇಲೆ ಪ್ರಭಾವ ಬೀರುವುದರಿಂದ ಅವುಗಳ ಎಲ್ಲ ಮರಿಗಳೂ ಗಂಡಾಗುವ ಭರವಸೆ ಇಲ್ಲ. ಮಧುರೈನ ಟಿ. ಜೆ. ಪಾಂಡಿಯನ್ ಅವರು ಶೀಲಾ ಅವರೊಡನೆ 1995ರಲ್ಲಿ ಪ್ರಕಟಿಸಿದ ಸಮೀಕ್ಷೆ ಇಂಥ ಪ್ರಯೋಗಗಳನ್ನು ಒಂದೆಡೆ ತಂದ ಭಾರತೀಯ ಕೊಡುಗೆ.

ತಂದೆ-ತಾಯಿ ಮೀನುಗಳ ವಂಶದಾಖಲೆಯನ್ನು ತಲೆಮಾರುಗಳ ಕಾಲ ಕಾಯಬೇಕಾದ ಪರೋಕ್ಷ ಮಾರ್ಗ ನಿಧಾನವಾದದ್ದು, ಆದರೆ ಅದೇ ಸರಿಯಾದದ್ದು. ಅದು ಎಲ್ಲೆಡೆ ಕೈಗೂಡುವವರೆಗೆ, ಹಾರ್ಮೋನು ಬೆರೆಸುವ ಕೈಗಳಿಗೆ ಕೈಗವಸನ್ನೂ ಮರಿಕೊಳದ ನೀರು ಹೊಳೆ ಸೇರುವ ಮುನ್ನ ಶುದ್ಧೀಕರಣವನ್ನೂ ಮರಿ ಉತ್ಪಾದನಾ ಕೇಂದ್ರಗಳು ಕಡ್ಡಾಯಗೊಳಿಸಬೇಕು.