ಹತ್ತಿರ–ದೂರಗಳ ಪೆಟ್ಟಿಗೆ



‘ಮಿಕ್ಸರ್’ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಚಟ್ನಿ ಅರೆಯುವ ಮಿಕ್ಸಿ. ನಾನು ಇಂದು ಹೇಳಹೊರಟಿರುವುದು ಅದೇ ಹೆಸರಿನ ಬೇರೊಂದು ಯಂತ್ರದ ವಿಚಾರ. ಸಭೆಯ ಮೂಲೆಯಲ್ಲಿ, ಯಕ್ಷಗಾನದ ರಂಗಸ್ಥಳದ ಪಕ್ಕದಲ್ಲಿ, ಮೇಜಿನ ಮೇಲೆ ಸಾಲುಸಾಲು ಗುಂಡಿಗಳಿರುವ ಪೆಟ್ಟಿಗೆಯೊಂದನ್ನು ತಾವು ಕಂಡಿರಬಹುದು. ಹಲವು ಮೈಕುಗಳಿಂದ ಬರುವ ಧ್ವನಿಗಳನ್ನು ಒಂದುಗೂಡಿಸಿ, ಯಾವುದು ಎಷ್ಟು ಕೇಳಬೇಕೆಂದು ಅಳೆದು ಮುಂದಕ್ಕೆ ಕಳಿಸುವುದು ಅದರ ಕೆಲಸ. ಹಳಗನ್ನಡ, ನಡುಗನ್ನಡ ಕಾವ್ಯಗಳ ಪಾಠ ಹೇಳಿ ನಿವೃತ್ತನಾದವನಿಗೆ ಈ ಪೆಟ್ಟಿಗೆಯ ಗೊಡವೆ ಏಕೆ ಎಂದು ತಾವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೊಂದು ಕಾರಣವಿದೆ. ಆದರೆ ಮೊದಲು ಅದರ ಚರಿತ್ರೆಯನ್ನಿಷ್ಟು ನೋಡೋಣ.

ಧ್ವನಿಮುದ್ರಣ ಹುಟ್ಟಿದಾಗ ವಿದ್ಯುತ್ತಿನ ಮೈಕು ಬಳಕೆಯಲ್ಲಿರಲಿಲ್ಲ. ಒಂದು ದೊಡ್ಡ ಕೊಂಬಿನ ಬಾಯಿಗೆ ಹಾಡಬೇಕು; ಆ ಸ್ವರದ ಕಂಪನವೇ ಸೂಜಿಯನ್ನು ಅಲುಗಿಸಿ ಮೇಣದ ತಟ್ಟೆಯಲ್ಲಿ ಗೆರೆ ಕೊರೆಯಬೇಕು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡದ್ದು ಇಂಥ ಕೊಂಬಿನ ಮೂಲಕವೇ. ಆ ಕಾಲದ ಮುದ್ರಣಶಾಲೆಗಳಲ್ಲಿ ಧ್ವನಿಗಳನ್ನು ಹದಗೊಳಿಸಲು ಇದ್ದ ಮುಖ್ಯ ಸಾಧನ ದೂರ. ಹಾಡುವವರು ಕೊಂಬಿನ ಹತ್ತಿರ, ತುತ್ತೂರಿಯಂಥ ಗಟ್ಟಿ ವಾದ್ಯದವರು ಹಿಂದೆ. ತಾರಸ್ಥಾಯಿಗೆ ಏರುವಾಗ ಗಾಯಕರು ತಾವೇ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಪಿಟೀಲಿನ ಸ್ವರ ಸಾಲದೆಂದು ಅದಕ್ಕೇ ಲೋಹದ ಕೊಂಬು ಕಟ್ಟಿದ ‘ಸ್ಟ್ರೋ’ ಪಿಟೀಲನ್ನು ನುಡಿಸುತ್ತಿದ್ದುದೂ ಉಂಟು. ಯಾರು ಮುಂದೆ, ಯಾರು ಹಿಂದೆ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರ ಕಣ್ಣಿಗೂ ಕಾಣುತ್ತಿತ್ತು.

1925ರಲ್ಲಿ ಅಮೆರಿಕದ ದೊಡ್ಡ ಕಂಪೆನಿಗಳು ವಿದ್ಯುತ್ ಮುದ್ರಣಕ್ಕೆ ತಿರುಗಿದವು. ಕೊಂಬು ಹೋಗಿ ಮೈಕು ಬಂದಿತು. ಪಿಸುಮಾತನ್ನೂ ಹಿಡಿಯಬಲ್ಲ ಮೈಕು ಒಂದಕ್ಕಿಂತ ಹೆಚ್ಚಾದಾಗ ಹೊಸ ಪ್ರಶ್ನೆಯೊಂದು ಎದ್ದಿತು: ಇವುಗಳಲ್ಲಿ ಯಾವುದರ ಮಾತು ಎಷ್ಟು ನಡೆಯಬೇಕು? ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದೇ ಮಿಕ್ಸರ್. ಲಂಡನ್ನಿನ ಬಿ.ಬಿ.ಸಿ.ಯಲ್ಲಿ 1920ರ ದಶಕದ ಕೊನೆಗೆ ‘ಡ್ರಮಾಟಿಕ್ ಕಂಟ್ರೋಲ್ ಪ್ಯಾನೆಲ್’ ಎಂಬ ಫಲಕವೊಂದು ಸಿದ್ಧವಾಯಿತು. ನಟರು ಒಂದು ಕೋಣೆಯಲ್ಲಿ, ವಾದ್ಯಗೋಷ್ಠಿ ಇನ್ನೊಂದರಲ್ಲಿ, ಮಳೆಗಾಳಿಗಳ ಸದ್ದು ಮತ್ತೊಂದರಲ್ಲಿ. ಇವೆಲ್ಲವನ್ನೂ ಫಲಕದ ಮುಂದೆ ಕುಳಿತ ಒಬ್ಬ ನಿರ್ದೇಶಕ ಗುಂಡಿ ತಿರುಗಿಸಿ ಏರಿಸುತ್ತ ಇಳಿಸುತ್ತ ಬೆಸೆಯುತ್ತಿದ್ದ. ಲ್ಯಾನ್ಸ್ ಸೀವ್‌ಕಿಂಗ್ ಎಂಬ ನಿರ್ಮಾಪಕ 1928ರಲ್ಲಿ ‘ಕೆಲೈಡೋಸ್ಕೋಪ್’ ಎಂಬ ಬಾನುಲಿ ರೂಪಕವನ್ನು ಪ್ರಸಾರ ಮಾಡಿದ್ದು ಈ ಕ್ರಮದಿಂದಲೇ. ಅಂದಿನಿಂದ ಹತ್ತಿರ–ದೂರಗಳನ್ನು ನಿರ್ಣಯಿಸುವ ಅಧಿಕಾರ ಕಾಲಿನ ಹೆಜ್ಜೆಯಿಂದ ಕೈಬೆರಳಿಗೆ ಬಂತು. ಆ ಬೆರಳು ಯಾರದೆಂಬುದು ಕೇಳುವವರ ಕಣ್ಣಿಗೆ ಬೀಳದಂತಾಯಿತು. ಈ ಯಂತ್ರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲವೆಂದು ನಾನು ಭಾವಿಸಿದ್ದೇನೆ.

ಮುಂದಿನ ಸುಧಾರಣೆಗಳೆಲ್ಲ ಆ ಬೆರಳಿನ ಅನುಕೂಲಕ್ಕಾಗಿ ನಡೆದವು. ಮೊದಲು ಎಲ್ಲವೂ ತಿರುಗಿಸುವ ದಪ್ಪ ಗುಂಡಿಗಳೇ. ಒಂದು ಕೈಗೆ ಒಂದು, ಹೆಚ್ಚೆಂದರೆ ಎರಡು. ನ್ಯೂಯಾರ್ಕಿನ ಅಟ್ಲಾಂಟಿಕ್ ಧ್ವನಿಮುದ್ರಣ ಸಂಸ್ಥೆಯಲ್ಲಿದ್ದ ಟಾಮ್ ಡೌಡ್, ತರುಣನಾಗಿದ್ದಾಗ ಅಣುಬಾಂಬಿನ ಯೋಜನೆಯಲ್ಲಿ ದುಡಿದು ಆಮೇಲೆ ಸಂಗೀತಕ್ಕೆ ಬಂದವನು. 1950ರ ದಶಕದಲ್ಲಿ ಗುಂಡಿಗಳ ಬದಲು ಮೇಲೆ ಕೆಳಗೆ ಸರಿಯುವ ಪಟ್ಟಿಗಳನ್ನು ಬಳಕೆಗೆ ತಂದವರಲ್ಲಿ ಆತ ಪ್ರಮುಖ. ಇವನ್ನೇ ಇಂದು ಫೇಡರ್ ಎನ್ನುತ್ತಾರೆ. ಹಾರ್ಮೋನಿಯಂ ಮನೆಗಳ ಮೇಲೆ ಕೈಯಾಡಿಸುವಂತೆ ಒಂದೊಂದು ಬೆರಳಿಗೂ ಒಂದೊಂದು ಧ್ವನಿಯನ್ನು ಒಪ್ಪಿಸುವುದು ಆಗ ಸಾಧ್ಯವಾಯಿತು.

ಇನ್ನೊಂದು ಸಣ್ಣ ಸಂಗತಿ ನನಗೆ ಬಹಳ ಪ್ರಿಯವಾದುದು. ಕೆಲವು ಸೂಕ್ಷ್ಮ ಮೈಕುಗಳಿಗೆ ಮಿಕ್ಸರಿನಿಂದಲೇ 48 ವೋಲ್ಟ್ ವಿದ್ಯುತ್ತು ಹರಿಯುತ್ತದೆ. ಇದು 48 ಏಕೆ? 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪೆನಿ ನಾರ್ವೆಯ ಬಾನುಲಿಗೆ ಹೊಸ ಮೈಕುಗಳನ್ನು ಒದಗಿಸಿತು. ಅಲ್ಲಿಯ ಸ್ಟುಡಿಯೋಗಳಲ್ಲಿ ತುರ್ತುದೀಪಗಳಿಗೆಂದು 48 ವೋಲ್ಟಿನ ಏರ್ಪಾಡು ಮೊದಲೇ ಇತ್ತು. ಮೈಕಿಗೂ ಅದೇ ಸಾಕೆಂದರು. ಕತ್ತಲೆಗೆಂದು ಇಟ್ಟುಕೊಂಡ ದೀಪದ ಅಳತೆಯೇ ಲೋಕದ ಮೈಕುಗಳಿಗೆಲ್ಲ ಅಳತೆಯಾಗಿ ನಿಂತಿತು.

ಒಂದು ಕಾಲಕ್ಕೆ ಈ ಯಂತ್ರ ಕೋಣೆಯೊಂದನ್ನು ತುಂಬುವಷ್ಟಿತ್ತು. ಟ್ರಾನ್ಸಿಸ್ಟರ್ ಬಂದು ಅದು ಕುಗ್ಗಿತು. 1990ರ ದಶಕದ ಆರಂಭದಲ್ಲಿ ಅಮೆರಿಕದ ಗ್ರೆಗ್ ಮ್ಯಾಕಿಯಂಥವರು ಕಂಕುಳಲ್ಲಿ ಇರುಕಿಕೊಂಡು ಹೋಗಬಹುದಾದ, ಆದರೂ ಗುಣದಲ್ಲಿ ಕಡಮೆಯಲ್ಲದ ಮಿಕ್ಸರುಗಳನ್ನು ಮಾರುಕಟ್ಟೆಗೆ ತಂದರು. ಆ ದಶಕದಲ್ಲಿಯೇ ಅಂಥದೊಂದು ಪುಟ್ಟ ಪೆಟ್ಟಿಗೆ, ಆರು ಮೈಕುಗಳದು, ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ನಾನು ಅಧ್ಯಾಪಕನಾಗಿದ್ದ ಕಾಲೇಜಿನ ಕನ್ನಡ ಸಂಘಕ್ಕೂ ಬಂದಿತು. ಅದರ ಗುಂಡಿಗಳು ನನ್ನ ಕೈಗೆ ಬಂದವು.

1996ರಲ್ಲಿ ನಮ್ಮ ಸಂಘ ಕುಮಾರವ್ಯಾಸ ಭಾರತದ ಕರ್ಣಪರ್ವದ ವಾಚನವನ್ನು ಏರ್ಪಡಿಸಿತು. ವಾಚನಕ್ಕೆ ಬಂದಿದ್ದವರು ಎಪ್ಪತ್ತು ದಾಟಿದ ಗಮಕಿಗಳು. ವ್ಯಾಖ್ಯಾನಕ್ಕೆ ನಮ್ಮ ವಿಭಾಗದ ಹಿರಿಯರೊಬ್ಬರು. ಗಮಕಿಗಳ ಸ್ವರವನ್ನು ಒಮ್ಮೆಯಾದರೂ ಚೆನ್ನಾಗಿ ಮುದ್ರಿಸಿಟ್ಟುಕೊಳ್ಳಬೇಕೆಂಬುದು ನನ್ನ ಆಸೆಯಾಗಿತ್ತು. ಇಬ್ಬರ ಮುಂದೆಯೂ ಒಂದೊಂದು ಮೈಕನ್ನಿಟ್ಟು, ಮಿಕ್ಸರಿನಿಂದ ಕ್ಯಾಸೆಟ್ ಯಂತ್ರಕ್ಕೆ ತಂತಿ ಜೋಡಿಸಿ, “ಸ್ವಲ್ಪ ಹೇಳಿ, ನೋಡೋಣ” ಎಂದೆ. ಅವರು ಮೆಲ್ಲಗೆ ಗುನುಗಿ, “ಇಷ್ಟು ಸಾಕೇನು ಮೇಷ್ಟ್ರೇ?” ಎಂದರು. ಆ ಗುನುಗಿಗೆ ಮುಳ್ಳು ನಡುವಿಗೆ ಬರುವವರೆಗೆ ನಾನು ಮೇಲಿನ ಗುಂಡಿಯನ್ನು ತಿರುಗಿಸಿದೆ, ಸಾಕೆಂದೆ.

ಇಲ್ಲಿ ಆ ಗುಂಡಿಯ ವಿಚಾರ ಹೇಳಬೇಕು. ಮಿಕ್ಸರಿನಲ್ಲಿ ಪ್ರತಿಯೊಂದು ಧ್ವನಿಗೂ ಎರಡು ಬಾಗಿಲುಗಳಿವೆ. ಮೇಲ್ಗಡೆ ಇರುವುದು ‘ಗೇನ್’ ಎಂಬ ಗುಂಡಿ, ಒಳಬರುವ ಬಾಗಿಲು. ಕೆಳಗಡೆಯ ಫೇಡರ್ ಹೊರಹೋಗುವ ಬಾಗಿಲು. ಮೈಕಿನಿಂದ ಬರುವ ವಿದ್ಯುತ್ತು ಬಹು ಕ್ಷೀಣ, ಒಂದು ವೋಲ್ಟಿನ ಕೆಲವೇ ಸಾವಿರದಂಶ. ಅದನ್ನು ಮೊದಲ ಬಾಗಿಲಿನಲ್ಲಿ ನೂರುಪಟ್ಟು, ಬೇಕಾದರೆ ಸಾವಿರಪಟ್ಟು ಹಿಗ್ಗಿಸುತ್ತಾರೆ. ಆದರೆ ಆ ಬಾಗಿಲಿಗೊಂದು ಎತ್ತರವಿದೆ. ಧ್ವನಿ ಅದಕ್ಕಿಂತ ಎತ್ತರವಾಗಿ ಬಂದರೆ ಬಾಗಿಲು ಅದರ ತಲೆಯನ್ನು ಸವರಿಬಿಡುತ್ತದೆ. ಸ್ವರ ಒಡೆದು ಗೊರಗೊರವೆನ್ನುತ್ತದೆ. ಮೊದಲ ಬಾಗಿಲಿನಲ್ಲಿ ಒಡೆದದ್ದನ್ನು ಎರಡನೆಯದರಲ್ಲಿ ತಗ್ಗಿಸಬಹುದು, ಕೂಡಿಸಲಾಗದು.

ಕರ್ಣಾರ್ಜುನರ ಕಾಳಗಕ್ಕೆ ಬರುತ್ತಿದ್ದಂತೆ ಗಮಕಿಗಳ ಸ್ವರ ಏರಿತು. ಆ ಕೃಶ ದೇಹದಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ! ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿತು. ನಾನು ಗಾಬರಿಯಿಂದ ಫೇಡರನ್ನು ಕೆಳಕ್ಕೆಳೆದೆ. ಸದ್ದು ಕಡಮೆಯಾಯಿತು, ಗೊರಗೊರ ಉಳಿಯಿತು. ವಾಚನ ಮುಗಿದ ಮೇಲೆ ಅವರು ಶಾಲಿನಿಂದ ಬೆವರೊರೆಸಿಕೊಳ್ಳುತ್ತ, “ಹೇಗೆ ಬಂತು ಮೇಷ್ಟ್ರೇ?” ಎಂದು ಕೇಳಿದರು. “ಚೆನ್ನಾಗಿ ಬಂದಿದೆ” ಎಂದೆ.

ಮರುವರ್ಷದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಕ್ಯಾಸೆಟ್ಟನ್ನು ಕೇಳಿಕೊಂಡು ಅವರ ಮಗಳು ನಮ್ಮ ಮನೆಗೆ ಬಂದರು. ಯಂತ್ರಕ್ಕೆ ಹಾಕಿ ಕೇಳಿಸಿದೆ. ವ್ಯಾಖ್ಯಾನದ ಮಾತು ಒಂದೊಂದೂ ಸ್ಫಟಿಕದಂತಿತ್ತು. ಆಕೆ ತಲೆತಗ್ಗಿಸಿ ಕೊನೆಯವರೆಗೂ ಕೇಳಿ, “ಅಪ್ಪಯ್ಯನ ಸ್ವರ ಹೀಗಿರಲಿಲ್ಲ” ಎಂದಷ್ಟೇ ಹೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಇಂದು ಗಣಕಯಂತ್ರದಲ್ಲಿ, ಸವರಿಹೋದ ಸ್ವರದ ತುದಿಗಳನ್ನು ಊಹಿಸಿ ತುಂಬುವ ಉಪಾಯಗಳಿವೆ. ಶಿಷ್ಯನೊಬ್ಬ ಆ ಕ್ಯಾಸೆಟ್ಟಿಗೂ ಹಾಗೆ ಮಾಡಿಕೊಟ್ಟಿದ್ದಾನೆ. ಕಿವಿಗೆ ಹಿತವಾಗಿದೆ ನಿಜ. ಆದರೆ ಗೆದ್ದಲು ತಿಂದ ಓಲೆಗರಿಯ ಪಾಠವನ್ನು ಸಂಪಾದಕ ಊಹಿಸಿ ತುಂಬಿದಾಗ ಅದನ್ನು ಕಂಸದೊಳಗೆ ಇಡುತ್ತಾನೆ. ಧ್ವನಿಗೆ ಕಂಸ ಹಾಕುವ ಬಗೆ ಹೇಗೆ?

ಬಾನುಲಿಯಲ್ಲಿ ದುಡಿದಿದ್ದ ಹಿರಿಯ ತಂತ್ರಜ್ಞರೊಬ್ಬರಿಂದ ಆಮೇಲೆ ನಾನು ಸರಿಯಾದ ಕ್ರಮವನ್ನು ಕಲಿತೆ. ಶಾಲೆ, ಸಂಘಗಳಲ್ಲಿ ಈ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ಮಿಕ್ಸರನ್ನು ಮೊದಲು ಹಾಕಿ, ಆಂಪ್ಲಿಫೈಯರನ್ನು ಕೊನೆಗೆ, ಆರಿಸುವಾಗ ತಿರುವುಮುರುವು. ಫೇಡರನ್ನು ಸೊನ್ನೆಯ ಗುರುತಿನಲ್ಲಿಡಿ. ಹಾಡುವವರನ್ನು ಅವರ ಅತಿ ಎತ್ತರದ ಸ್ವರದಲ್ಲಿ ಹಾಡಲು ಕೇಳಿಕೊಳ್ಳಿ. ಆಗಲೂ ಕೆಂಪು ದೀಪ ಹತ್ತದಂತೆ ಗೇನ್ ಗುಂಡಿಯನ್ನು ನಿಲ್ಲಿಸಿ, ಇನ್ನೂ ಸ್ವಲ್ಪ ಇಳಿಸಿ. ಇಬ್ಬರಿದ್ದಲ್ಲಿ, ಮೈಕಿಗೂ ಬಾಯಿಗೂ ಇರುವ ದೂರದ ಮೂರರಷ್ಟಾದರೂ ಅಂತರ ಮೈಕು ಮೈಕುಗಳ ನಡುವೆ ಇರಲಿ. ಒಬ್ಬರು ಕೇಳದಿದ್ದರೆ ಅವರನ್ನು ಏರಿಸುವ ಮೊದಲು ಇನ್ನೊಬ್ಬರನ್ನು ಇಳಿಸಿ ನೋಡಿ. ಎಲ್ಲಕ್ಕಿಂತ ಮಿಗಿಲಾಗಿ, ದೀಪವನ್ನು ನೋಡುತ್ತ ಕೂರದೆ ಹೆಡ್‌ಫೋನನ್ನು ಕಿವಿಗಿಟ್ಟು ಕೇಳಿ. ಅಂದು ನನ್ನ ಹೆಡ್‌ಫೋನು ಪೆಟ್ಟಿಗೆಯ ಪಕ್ಕದಲ್ಲಿಯೇ ಇತ್ತು. ಸಭೆಯಲ್ಲಿ ಅದನ್ನು ಹಾಕಿಕೊಳ್ಳಲು ಸಂಕೋಚಪಟ್ಟಿದ್ದೆ.

ಕೊಂಬಿನ ಕಾಲದಲ್ಲಿ ಗಾಯಕರು ತಮ್ಮ ಸ್ವರದ ಎತ್ತರವನ್ನು ಬಲ್ಲವರಾಗಿ ತಾವೇ ಹಿಂದೆ ಸರಿಯುತ್ತಿದ್ದರು. ನಾವು ಮೈಕು ಕೊಟ್ಟು, ಕದಲಬೇಡಿರೆಂದು ಅವರನ್ನು ಕೂರಿಸಿದೆವು. ಸರಿಯುವ ಹೊಣೆಯನ್ನು ನಮ್ಮ ಬೆರಳಿಗೆ ತೆಗೆದುಕೊಂಡೆವು. ಹೊಣೆ ಹೊತ್ತವನು ಹಾಡುವವರ ಉಸಿರನ್ನು ಅವರಷ್ಟೇ ಬಲ್ಲವನಾಗಿರಬೇಕು. ಕರ್ಣಪರ್ವವನ್ನು ಹತ್ತಾರು ವರ್ಷ ಪಾಠ ಹೇಳಿದ್ದವನಿಗೆ ಸ್ವರ ಎಲ್ಲಿ ಏರುತ್ತದೆಂಬುದು ತಿಳಿಯದ ವಿಷಯವಾಗಿರಲಿಲ್ಲ. ಪೆಟ್ಟಿಗೆಯ ಮುಂದೆ ಕುಳಿತಾಗ ಅದು ನನಗೆ ನೆನಪಾಗಲಿಲ್ಲ, ಅಷ್ಟೆ.