ಮೇಲ್ಮುದ್ದೆಯ ಕೆಳಗಿನ ತಂಪು

ಏಪ್ರಿಲ್ ಬಂತೆಂದರೆ ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಫ್ಯಾನು ಬರುವ ಎಷ್ಟೋ ತಲೆಮಾರು ಮೊದಲೇ ಈ ಸೀಮೆಯ ಜನ ಉಂಡು, ಮಲಗಿ, ಮಗ್ಗ ಹೂಡಿ, ಬಾಣಂತನ ಮಾಡಿ ಬಾಳಿದ್ದು ಮೇಲ್ಮುದ್ದೆ ಮನೆಗಳಲ್ಲಿ. ಬೀದಿಯ ಕಡೆ ಕಿಟಕಿಯಿಲ್ಲದ ಕಲ್ಲುಗೋಡೆ, ತಲೆ ತಗ್ಗಿಸಿ ದಾಟಬೇಕಾದ ಬಾಗಿಲು, ನೆತ್ತಿಯ ಮೇಲೆ ದಪ್ಪನೆಯ ಮಣ್ಣಿನ ಹೊದಿಕೆ. ಹೊರಗಿನಿಂದ ಬಂದವರಿಗೆ ಒಳಗಿನ ಕತ್ತಲೆ ಬಡತನದಂತೆ ಕಂಡಿತು. ಆದರೆ ಊರ ಸಾಹುಕಾರರ, ದೇಸಾಯರ ವಾಡೆಗಳೂ ಇದೇ ಕ್ರಮದಲ್ಲಿ ಎದ್ದವು. ಆ ಕತ್ತಲೆ ಬೇಕೆಂದೇ ಮಾಡಿಕೊಂಡದ್ದು.

ನೆತ್ತಿಯ ಮೇಲಿನ ಮಾಳಿಗೆ ಕಟ್ಟುವ ಬಗೆಯನ್ನು ನೋಡಿದರೆ ಈ ಮನೆಗಳ ಹಿಂದಿನ ಜಾಣ್ಮೆ ತಿಳಿಯುತ್ತದೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ. ಅದರ ಮೇಲೆ ಕಟ್ಟಿಗೆಯ ಸೀಳು ಇಲ್ಲವೇ ತೆಳ್ಳನೆಯ ಕಲ್ಲು ಹಾಸಿ, ಹುಳ ಹತ್ತದಿರಲೆಂದು ಬೇವಿನ ಸೊಪ್ಪು ಹರಡಿ, ಕಲಸಿದ ಮಣ್ಣು ಮೆತ್ತುತ್ತಾರೆ. ಎಲ್ಲಕ್ಕಿಂತ ಮೇಲೆ ಬೀಳುವುದು ಸವಳು ಮಣ್ಣು. ಬಳ್ಳಾರಿ, ಚಿತ್ರದುರ್ಗದ ಕಡೆ ಇದನ್ನೇ ಕರಲು ಎನ್ನುತ್ತಾರೆ. ಹೊಲದಲ್ಲಿದ್ದರೆ ಬೆಳೆಗೆ ಶಾಪವಾದ ಈ ಮಣ್ಣು ಮಾಳಿಗೆಯ ಮೇಲೆ ವರ. ಇದರಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳಲ್ಲಿ ಕೂತು ದಾರಿ ಮುಚ್ಚಿಬಿಡುತ್ತವೆ. ಮೊದಲ ಮಳೆಗೆ ಮೇಲಿನ ಪದರ ತೊಯ್ದು ಬಿಗಿದುಕೊಂಡರೆ ಮುಂದಿನ ನೀರು ಇಳಿಜಾರು ಹಿಡಿದು ಹೊರಗೆ ಹೋಗುತ್ತದೆ. ರಸಾಯನಶಾಸ್ತ್ರದ ಪುಸ್ತಕ ಕಾಣದ ಜನ ಇಷ್ಟು ಕರಾರುವಾಕ್ಕಾಗಿ ಮಣ್ಣು ಆರಿಸಿದ್ದು ಸಣ್ಣ ಸಾಧನೆಯಲ್ಲ.

ಇದಕ್ಕೆ ಪ್ರತಿ ವರ್ಷ ದುಡಿಮೆ ಬೇಕಿತ್ತು. ಮಿರಗದ ಮಳೆ ಕೂಡುವ ಮುಂಚೆ ಹಳೆ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಸವಳು ಹೊತ್ತು ಹಾಕಬೇಕು. ಮಳೆ ಹಿಡಿದಾಗ ಎಲ್ಲಾದರೂ ಸೋರಿದರೆ ಮೇಲೆ ಹತ್ತಿ ಅಲ್ಲೇ ತುಳಿದು ಗಟ್ಟಿ ಮಾಡಬೇಕು.

ತಂಪು ಬರುವುದು ಭಾರದಿಂದ. ದಪ್ಪ ಗೋಡೆಗೂ ಮಾಳಿಗೆಗೂ ಹಗಲಿಡೀ ಬಡಿದ ಬಿಸಿಲು ಒಳಮೈ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಆಗ ಮನೆಮಂದಿ ಹಾಸಿಗೆ ಹೊತ್ತು ಮಾಳಿಗೆಗೆ ಏರುತ್ತಿದ್ದರು. ಸುತ್ತ ಎದ್ದ ಕುಂಬಿ ಬೀದಿಯವರ ಕಣ್ಣಿಗೆ ಮರೆ. ಹಗಲಿನ ಬೆಳಕಿಗೆ ಮಾಳಿಗೆಯಲ್ಲೇ ಒಂದು ಬೆಳಕಿಂಡಿ. ಒಲೆಯ ಹೊಗೆ, ಮೇಲಕ್ಕೇರಿದ ಬಿಸಿ ಗಾಳಿ ಅದರಿಂದಲೇ ಹೊರಗೆ. ಮಳೆ ಬಂದರೆ ಒಂದು ಕಲ್ಲು ಮುಚ್ಚಿದರಾಯಿತು. ಬೆಳಕು ಮೇಲಿನಿಂದ ಬಂದರೆ ಯಾರೂ ಒಳಗೆ ಇಣುಕಲಾಗದು. ಬಂದವರಿಗೆ ಹೊರಗೆ ಕಟ್ಟೆ, ನೆಂಟರಿಗೆ ಪಡಸಾಲೆ, ಒಳಗಿನ ಅಡುಗೆಮನೆಯತ್ತ ಮನೆಯವರು ಮಾತ್ರ. ಒಂದೇ ಸೂರಿನಡಿ ತಗ್ಗಿನಲ್ಲಿ ದನಗಳ ಗ್ವಾದಲಿ, ಎತ್ತರದಲ್ಲಿ ಜನ. 19ನೇ ಶತಮಾನದ ಆರಂಭದಲ್ಲಿ ಪಿಂಡಾರಿಗಳ ಲೂಟಿಯನ್ನು ಕಂಡ ದಖ್ಖನಿನಲ್ಲಿ ಈ ಮುಚ್ಚಿದ ಗೋಡೆ ಮರ್ಯಾದೆಯ ಜೊತೆಗೆ ಜೀವವನ್ನೂ ಕಾಯಿತು.

ಇಳಕಲ್, ಗುಳೇದಗುಡ್ಡದ ನೇಕಾರರಿಗಂತೂ ಮನೆಯೇ ಕಾರ್ಖಾನೆ. ನೆಲ ತೋಡಿ ಕೂಡಿಸಿದ ಕುಣಿಮಗ್ಗಕ್ಕೆ ಮಣ್ಣಿನ ತೇವ ಬೇಕು. ಒಣ ಗಾಳಿಗೆ ಹತ್ತಿ ನೂಲು ಪಟಪಟನೆ ಹರಿಯುತ್ತದೆ.

ಈ ಬಗೆಯ ಕಟ್ಟಡದ ವಂಶಾವಳಿ ಎಷ್ಟು ಹಿಂದಕ್ಕೆ ಹೋಗುತ್ತದೆಂಬುದಕ್ಕೆ ಐಹೊಳೆಯಲ್ಲಿ ಒಂದು ಸುಳಿವಿದೆ. ಲಾಡಖಾನ್ ಗುಡಿಯ ಚಾವಣಿಯಲ್ಲಿ ಕಲ್ಲಿನ ಹಾಸುಗಳ ಸಂದು ಮುಚ್ಚಲು ಮರದ ದಿಮ್ಮಿಯಂಥ ಉದ್ದುದ್ದ ಕಲ್ಲಿನ ಪಟ್ಟಿಗಳನ್ನು ಇಟ್ಟಿದ್ದಾರೆ. ಮರದಲ್ಲಿ ಕಟ್ಟಿ ಪಳಗಿದ ಕೈ ಕಲ್ಲಿಗೆ ಬಂದ ಗುರುತು ಅದು. ಗುಡಿಗೆ ಆ ಹೆಸರು ಬಂದದ್ದೂ ಅದರಲ್ಲಿ ವಾಸವಿದ್ದ ಒಬ್ಬನಿಂದ. ತಂಪಿಗೆ ಅರಸರ ದಾರಿ ಬೇರೆಯಿತ್ತು: ಆದಿಲಶಾಹಿಗಳು ವಿಜಯಪುರದ ಪೂರ್ವಕ್ಕೆ ಕುಮಟಗಿಯಲ್ಲಿ ನೀರಿನ ನಡುವೆ ಮಂಟಪ ಕಟ್ಟಿ, ಕೊಳವೆಯಿಂದ ಕಾರಂಜಿ ಚಿಮ್ಮಿಸಿ ಬೇಸಿಗೆ ಕಳೆದರು. ಅಷ್ಟು ನೀರಿಲ್ಲದ ರೈತ ಮಣ್ಣನ್ನು ನಂಬಿದ.

ಆ ನಂಬಿಕೆ ಒಡೆದದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಗಡಿಯಾಚೆ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿ, ಮಲಗಿದ್ದ ಸಾವಿರಾರು ಜನರ ಮೇಲೆ ಇಂಥವೇ ಮನೆಗಳು ಕುಸಿದವು. ತಪ್ಪು ಬರೀ ಮಣ್ಣಿನದಾಗಿರಲಿಲ್ಲ. ಹೊರಮೈ, ಒಳಮೈ ಎರಡು ಸಾಲು ಕಲ್ಲಿಟ್ಟು ನಡುವೆ ಕಲ್ಲುಚೂರು, ಮಣ್ಣು ತುಂಬಿದ ಗೋಡೆಗಳಲ್ಲಿ ಎರಡೂ ಮೈಯನ್ನು ಹಿಡಿದಿಡುವ ಉದ್ದ ಕಲ್ಲುಗಳಿರಲಿಲ್ಲ. ಸೋರಿದಾಗಲೆಲ್ಲ ಹಳೆಯ ಮಣ್ಣು ತೆಗೆಯದೆ ಹೊಸದು ಹಾಕುತ್ತ ಹೋದದ್ದರಿಂದ ಮಾಳಿಗೆ ತಾಳಲಾರದಷ್ಟು ಭಾರವಾಗಿತ್ತು. ಮುಂದೆ ಆ ಭಾಗದ 52 ಹಳ್ಳಿಗಳನ್ನೇ ಬೇರೆಡೆ ಕಟ್ಟಿದರು.

ಮತ್ತೆ 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕದಲ್ಲಿ ಎಡೆಬಿಡದೆ ಸುರಿದ ಮಳೆಗೆ ನೆನೆದ ಮಾಳಿಗೆಗಳು ಊರೂರಲ್ಲಿ ಕುಸಿದವು. ನಿರಾಶ್ರಿತರಿಗೆ 'ಆಸರೆ' ಯೋಜನೆಯ ಮನೆಗಳು ಬಂದವು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಅಷ್ಟರಲ್ಲೇ ಬಲಿಯಾಗಿದ್ದವು. ಅಲ್ಲಿನ ಜನರಿಗಾಗಿ ನವನಗರ ಎದ್ದಿತು.

ಸತ್ತವರನ್ನು ನೆನೆದರೆ ಹಳೆಯ ಮನೆ ಹಾಗೇ ಉಳಿಯಲಿ ಎನ್ನಲು ಬಾಯಿ ಬಾರದು. ಹಾಗೆಂದು ತೆಳು ಸಿಮೆಂಟಿನ ಚಾವಣಿಯಡಿ, ತಗಡಿನಡಿ ಮೇ ತಿಂಗಳ ಮಧ್ಯಾಹ್ನ ಕೂಸನ್ನು ಮಲಗಿಸಿ ಗಾಳಿ ಬೀಸುವ ತಾಯಿಯ ಪಾಡೂ ಕಡೆಗಣಿಸುವಂಥದಲ್ಲ. ಕಿಲ್ಲಾರಿಯ ನಂತರ ತಜ್ಞರು ಮೂರನೆಯ ದಾರಿ ತೋರಿಸಿದ್ದರು: ಮಾಳಿಗೆಯ ಮಣ್ಣು ಇಳಿಸಿ ಹಗುರ ಮಾಡುವುದು, ಗೋಡೆಯಲ್ಲಿ ಅಲ್ಲಲ್ಲಿ ಎರಡೂ ಮೈ ಮುಟ್ಟುವ ಕಲ್ಲು ಕೂಡಿಸುವುದು, ಕಂಬಕ್ಕೂ ತೊಲೆಗೂ ಓರೆ ಆಸರೆ ಕೊಡುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಘಟಕವೂ ಮಣ್ಣಿಗೆ ತುಸು ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಯಿಂದ ಗಟ್ಟಿ ಗೋಡೆ ಕಟ್ಟುವ ವಿದ್ಯೆಯನ್ನು ಬೆಳೆಸಿತು. ಆ ಇಟ್ಟಿಗೆಯ ಮನೆ ಇಂದು ಬೆಂಗಳೂರಿನ ಉಳ್ಳವರಿಗೂ ಹೆಮ್ಮೆಯದು. ಸವಳಿನ ಗುಣ ಬಲ್ಲ ಗೌಂಡಿಗಳು ಉತ್ತರದ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹೊಸ ಮನೆಗೆ ಕೊಡುವ ಸಹಾಯಧನದ ಒಂದು ಪಾಲನ್ನು ಹಳೆ ಮಾಳಿಗೆಯ ದುರಸ್ತಿಗೂ ಕೊಟ್ಟರೆ ಅವರ ಕೈಗೆ ಕೆಲಸ ಸಿಗುತ್ತದೆ, ಮನೆಗಳೂ ನಿಲ್ಲುತ್ತವೆ.