ಅಲಾಯಿ ಕುಣಿಯ ಸುತ್ತ ಮಕ್ಕಳು ಕಲಿತ ಪಾಠ

‘ಅಜ್ಜ ಎಲ್ಲಿ?’ ಎಂದು ಮಗು ಕೇಳಿದರೆ ‘ಊರಿಗೆ ಹೋಗ್ಯಾನ, ಬರ್ತಾನ’ ಎಂದುಬಿಡುವುದು ನಮ್ಮ ಅನೇಕ ಮನೆಗಳ ರೂಢಿ. ಮಗು ನಂಬಿ ದಾರಿ ಕಾಯುತ್ತದೆ. ಹೀಗೆ ಸಾವನ್ನು ಬಚ್ಚಿಡುವ ಜನರೇ ವರ್ಷಕ್ಕೊಮ್ಮೆ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಸಾವಿನ ಕಥೆ ಕೇಳಿಸಲು ಕರೆದೊಯ್ಯುತ್ತಾರೆ. ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ಮೊಹರಂ ಅಂಥದ್ದು.

ಕ್ರಿ.ಶ. 680ರಲ್ಲಿ, ಹಿಜರಿ 61ರ ಮೊಹರಂ ತಿಂಗಳ 10ರಂದು, ಈಗಿನ ಇರಾಕಿನ ಕರ್ಬಲಾದಲ್ಲಿ ಪೈಗಂಬರರ ಮೊಮ್ಮಗ ಇಮಾಮ್ ಹುಸೇನರು ಸಂಗಡಿಗರೊಂದಿಗೆ ಹತರಾದರು. ಬಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್ ಷಾ 16ನೇ ಶತಮಾನದ ಆರಂಭದಲ್ಲಿ ಷಿಯಾ ಪಂಥವನ್ನು ರಾಜಧರ್ಮವೆಂದು ಸಾರಿದ. ಕೃಷ್ಣಾ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡು 1520ರಲ್ಲಿ ಕೃಷ್ಣದೇವರಾಯನ ವಶವಾಯಿತು. 1565ರ ಬಳಿಕ ಮತ್ತೆ ಆದಿಲ್ ಷಾಹಿಗಳದಾಯಿತು. ಮುಂದೆ 1948ರವರೆಗೆ ನಿಜಾಮರದು. ಅರಸರು ಹೋದರೂ ಅವರ ಕಾಲದ ಶೋಕಾಚರಣೆ ಹಳ್ಳಿಗರ ಸ್ವಂತ ಹಬ್ಬವಾಗಿ ಉಳಿಯಿತು. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಪೀರಲ ದೇವರು ಕೂಡುತ್ತಾರೆ.

ಇಲ್ಲಿ ಹಾಡುವ ರಿವಾಯತ್ ಪದಗಳು ಕನ್ನಡದವು. ಅವುಗಳ ಕಥೆಯಲ್ಲಿ ಮಕ್ಕಳೂ ಇದ್ದಾರೆ: ತಂದೆಯ ತೋಳಿನಲ್ಲೇ ಬಾಣ ತಗಲಿದ ಆರು ತಿಂಗಳ ಕೂಸು ಅಲಿ ಅಸ್ಗರ್, ಇನ್ನೂ ಎಳೆಯನಾದ ಕಾಸಿಮ್, ತಂದೆಯನ್ನು ಕಳೆದುಕೊಂಡ ಪುಟ್ಟ ಸಕೀನಾ. ಅರಬ್ಬಿಯಲ್ಲಿ ‘ಕತಲ್’ ಎಂದರೆ ಕೊಲೆ. ಆ ‘ಕತಲ್ ರಾತ್ರಿ’ ನಮ್ಮ ಜನರ ಬಾಯಲ್ಲಿ ‘ಕತ್ತಲ ರಾತ್ರಿ’ಯಾಗಿದೆ. ಅರ್ಥ ಬದಲಾದರೂ ಭಾವ ಕೆಡಲಿಲ್ಲ.

ಕೂಸು ಉಳಿಯಲೆಂದು ಹರಕೆ ಹೊತ್ತವರು ಮಗುವನ್ನು ‘ಫಕೀರ’ನನ್ನಾಗಿ ಮಾಡಿ ಕೆಂಪು ದಾರ ಕಟ್ಟುತ್ತಾರೆ. ಹಿಂದೂ ಮನೆಗಳಲ್ಲಿ ಕೇಳಿಬರುವ ಹುಸೇನಪ್ಪ, ಫಕೀರಪ್ಪ, ಹುಸೇನಮ್ಮ ಎಂಬ ಹೆಸರುಗಳ ಹಿಂದೆ ಹೀಗೆ ಎಷ್ಟೋ ತಾಯಂದಿರ ಅಂಜಿಕೆ ಇದೆ. ಕೂಸುಗಳ ಸಾವು ಮನೆಮನೆಯ ಮಾತಾಗಿದ್ದ ಕಾಲದ ದಾಖಲೆಗಳಿವು.

ಮಗುವಿಗೆ ಇದೆಲ್ಲ ಎಷ್ಟು ತಿಳಿದೀತು? ಹಂಗೇರಿಯ ಮಾರಿಯಾ ನಾಜ್ 3ರಿಂದ 10 ವರ್ಷದ ಮಕ್ಕಳನ್ನು ಮಾತನಾಡಿಸಿ 1948ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಐದರೊಳಗಿನವರಿಗೆ ಸಾವೆಂದರೆ ನಿದ್ದೆ ಅಥವಾ ಪ್ರಯಾಣ; ಹೋದವರು ಮರಳಬಹುದು. ಅದು ಎಲ್ಲರಿಗೂ ಬರುವಂಥದ್ದು, ಮರಳಿಸಲಾಗದ್ದು ಎಂಬ ಅರಿವು ಒಂಬತ್ತರ ಹೊತ್ತಿಗೆ ಗಟ್ಟಿಯಾಗುತ್ತದೆ ಎಂದರು ಅವರು. ಇನ್ನೂ ಮೊದಲೇ ತಿಳಿಯುತ್ತದೆಂಬುದು ನಂತರದ ಸಂಶೋಧಕರ ಮಾತು. ‘ಊರಿಗೆ ಹೋಗ್ಯಾನ’ ಎಂಬ ಸುಳ್ಳು ಮಗುವಿನ ತಪ್ಪು ತಿಳಿವಳಿಕೆಯನ್ನೇ ಬಲಪಡಿಸುತ್ತದೆ.

ಮೊಹರಂ ಮಕ್ಕಳಿಗಾಗಿ ಹುಟ್ಟಿದ್ದಲ್ಲ. ಆದರೂ ಅಲಾಯಿ ಕುಣಿಯ ಸುತ್ತ ಮಗು ಹಲವು ಸಂಗತಿಗಳನ್ನು ಕಾಣುತ್ತದೆ. ದೊಡ್ಡವರೂ ಅಳುತ್ತಾರೆ, ಅತ್ತವರೇ ಹೆಜ್ಜೆ ಹಾಕುತ್ತಾರೆ, ಚೋಂಗೆ ಹಂಚುತ್ತಾರೆ. ಕಡೆಯ ದಿನ ದೇವರು ಹೊಳೆಗೆ ಹೋಗುತ್ತಾರೆ, ಕುಣಿಗೆ ಮಣ್ಣು ಮುಚ್ಚುತ್ತಾರೆ. ಅಳುವುದಕ್ಕೂ ಒಂದು ದಿನ, ಅಳು ಮುಗಿಸುವುದಕ್ಕೂ ಒಂದು ದಿನ.

ಮನೆಯಲ್ಲಿ ಸಾವಾದಾಗಲೂ ಮಗುವನ್ನು ಪಕ್ಕದ ಮನೆಗೆ ಸಾಗಹಾಕಬೇಕಿಲ್ಲ. ‘ಅಜ್ಜ ಸತ್ತಾನ, ಇನ್ನ ಬರೂದಿಲ್ಲ, ನಮಗೂ ದುಃಖ ಆಗೇದ’ ಎಂದು ನೇರವಾಗಿ ಹೇಳಬಹುದು. ಮಗು ಅದನ್ನೇ ಹತ್ತು ಸಲ ಕೇಳೀತು. ಹತ್ತು ಸಲವೂ ಸಿಡುಕದೆ ಅದೇ ಉತ್ತರ ಕೊಡಬೇಕು. ಮೂರನೆಯ ದಿನ ಹಾಲು ತುಪ್ಪ ಎರೆಯಲು ಹೋಗುವಾಗ ‘ನೀನೂ ಬರ್ತೀಯೇನು?’ ಎಂದು ಕೇಳಿ, ಒಪ್ಪಿದರೆ ಕೈಹಿಡಿದು ಕರೆದೊಯ್ಯಬಹುದು.